ನಾಯಿಯ ಕಲಿಕೆ, ಮಗುವಿನ ಕಲಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಲಿಕೆಯ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಶಿಕ್ಷಕರು, ತಂದೆತಾಯಿಯರು ಮತ್ತು ಮನೆಯಲ್ಲಿ ನಾಯಿ ಸಾಕಿರುವವರು ಬರೆದವೇ ಹೆಚ್ಚು. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಅನುಭವದಿಂದ ವರ್ತನೆಯಲ್ಲಿ ಉಂಟಾಗುವ, ತಕ್ಕಮಟ್ಟಿಗೆ ಸ್ಥಿರವಾದ ಬದಲಾವಣೆಯೇ ಕಲಿಕೆ ಎಂದು ನಮ್ಮ ಪಠ್ಯದಲ್ಲಿದೆ. ಹಾಗಾದರೆ ಮಗು ನಡೆಯಲು ಆರಂಭಿಸುವುದು ಕಲಿಕೆಯೇ? ವರ್ತನೆ ಬದಲಾಗದಿದ್ದರೆ ಕಲಿಕೆ ಆಗಲೇ ಇಲ್ಲವೇ? (ಶಿಕ್ಷಕ ತರಬೇತಿಯ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು. ಮೊದಲನೆಯದನ್ನು ಬೇಗ ಮುಗಿಸೋಣ. ಮಗುವಿನ ಸ್ನಾಯು, ಮೂಳೆ, ನರಮಂಡಲಗಳು ಬಲಿಯುವವರೆಗೆ ಯಾರು ಎಷ್ಟೇ ಹೇಳಿಕೊಟ್ಟರೂ ಅದು ನಡೆಯಲಾರದು. ಈ ಬಲಿಯುವಿಕೆಯನ್ನು ಪರಿಪಕ್ವನ ಎನ್ನುತ್ತೇವೆ. ಆದರೆ ನಿಂತ ಮೇಲೆ ಜಾರುವ ನೆಲದಲ್ಲಿ ಹೆಜ್ಜೆ ಹೇಗಿಡಬೇಕು, ಎಲ್ಲಿ ಕೈಯೂರಬೇಕು ಎಂಬುದನ್ನು ಮಗು ಬಿದ್ದೆದ್ದೇ ತಿಳಿಯುತ್ತದೆ, ಆದ್ದರಿಂದ ನಡಿಗೆಯಲ್ಲಿ ಎರಡೂ ಬೆರೆತಿವೆ.

ಇನ್ನು ವರ್ತನೆಯ ಮಾತು. 1930ರಲ್ಲಿ ಅಮೆರಿಕದ ಎಡ್ವರ್ಡ್ ಟೋಲ್ಮನ್ ಮತ್ತು ಹಾಂಜಿಕ್ ಎಂಬ ಸಂಶೋಧಕರು ಇಲಿಗಳ ಮೂರು ಗುಂಪುಗಳನ್ನು ಒಂದು ಜಟಿಲವಾದ ಚಕ್ರವ್ಯೂಹದೊಳಗೆ ಬಿಟ್ಟರು. ಮೊದಲ ಗುಂಪಿಗೆ ದಾರಿಯ ಕೊನೆಯಲ್ಲಿ ದಿನವೂ ಆಹಾರ ಸಿಗುತ್ತಿತ್ತು, ಎರಡನೆಯದಕ್ಕೆ ಎಂದೂ ಸಿಗಲಿಲ್ಲ, ಮೂರನೆಯದಕ್ಕೆ ಮೊದಲ ಹತ್ತು ದಿನ ಏನೂ ಕೊಡದೆ ಹನ್ನೊಂದನೆಯ ದಿನದಿಂದ ಆಹಾರ ಇಡಲಾಯಿತು. ಆ ಹತ್ತು ದಿನ ಮೂರನೆಯ ಗುಂಪಿನ ಇಲಿಗಳು ಸುಮ್ಮನೆ ಅಲೆದಾಡುತ್ತಿದ್ದವು, ನೋಡಿದವರು ಅವು ಏನನ್ನೂ ಕಲಿತಿಲ್ಲವೆಂದೇ ಹೇಳುತ್ತಿದ್ದರು. ಆಹಾರ ಕಂಡ ಮರುದಿನವೇ ಅವುಗಳ ತಪ್ಪುಗಳು ಒಮ್ಮೆಲೇ ಇಳಿದು, ಮೊದಲಿನಿಂದಲೂ ಆಹಾರ ಪಡೆಯುತ್ತಿದ್ದ ಇಲಿಗಳ ಸಮಕ್ಕೆ ಬಂದವು. ಅಂದರೆ ದಾರಿಯ ತಿಳಿವು ಅವುಗಳಲ್ಲಿ ಆಗಲೇ ಕೂಡಿಕೊಂಡಿತ್ತು, ಅದನ್ನು ತೋರಿಸಲು ಕಾರಣ ಮಾತ್ರ ಇರಲಿಲ್ಲ. ಇದನ್ನು ಸುಪ್ತ ಕಲಿಕೆ ಎನ್ನುತ್ತಾರೆ. ಆದುದರಿಂದ ಕಲಿಕೆಯೆಂದರೆ ವರ್ತನೆಯ ಬದಲಾವಣೆ ಎನ್ನುವುದಕ್ಕಿಂತ, ವರ್ತಿಸಬಲ್ಲ ಸಾಮರ್ಥ್ಯದಲ್ಲಿನ ಬದಲಾವಣೆ ಎನ್ನುವುದು ಸರಿ. ತರಗತಿಯಲ್ಲಿ ಬಾಯಿ ಬಿಡದ ಮಗುವಿನ ಬಗ್ಗೆ ತೀರ್ಪು ಕೊಡುವ ಮುನ್ನ ಶಿಕ್ಷಕರಾಗಲಿರುವ ನೀವು ಈ ಇಲಿಗಳನ್ನು ದಯವಿಟ್ಟು ನೆನೆಯಬೇಕು.

ಪ್ರಶ್ನೆ: ಗಂಟೆ ಬಾರಿಸಿದರೆ ನಾಯಿ ಜೊಲ್ಲು ಸುರಿಸುತ್ತದೆ ಎಂಬ ಪ್ರಯೋಗವನ್ನು ಶಾಲೆಯಿಂದಲೂ ಕೇಳುತ್ತಿದ್ದೇವೆ. ಮನುಷ್ಯರ ಕಲಿಕೆಯೂ ಇಷ್ಟೇ ಯಾಂತ್ರಿಕವಾದದ್ದೆಂದು ಮನೋವಿಜ್ಞಾನ ಹೇಳುತ್ತದೆಯೇ? (ನಿವೃತ್ತ ಅಧ್ಯಾಪಕರು)

ಉತ್ತರ: ಹಾಗೆ ಹೇಳಿದ ಕಾಲವೊಂದಿತ್ತು, ಇಂದು ಹೇಳುವುದಿಲ್ಲ. ಈ ಬದಲಾವಣೆ ಹೇಗಾಯಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಇವಾನ್ ಪಾವ್ಲೋವ್ ಮೂಲತಃ ಜೀರ್ಣಕ್ರಿಯೆಯನ್ನು ಅಭ್ಯಸಿಸಿದ ಶರೀರವಿಜ್ಞಾನಿ. 1904ರ ನೊಬೆಲ್ ಪ್ರಶಸ್ತಿ ಬಂದದ್ದೂ ಆ ಕೆಲಸಕ್ಕೇ. ನಾಯಿಗಳ ಜೊಲ್ಲನ್ನು ಅಳೆಯುತ್ತಿದ್ದಾಗ, ಆಹಾರ ಬಾಯಿಗೆ ಬೀಳುವ ಮೊದಲೇ, ಅದನ್ನು ತರುವ ಸಹಾಯಕನನ್ನು ಕಂಡೊಡನೆಯೇ ಜೊಲ್ಲು ಬರುವುದನ್ನು ಅವರು ಗಮನಿಸಿದರು. ಬೇರೆಯವರು ಅಳತೆಗೆ ಅಡ್ಡಿಯೆಂದು ತಳ್ಳಿಹಾಕಬಹುದಾಗಿದ್ದ ಈ ಸಂಗತಿಯ ಹಿಂದೆ ಅವರು ತಮ್ಮ ಉಳಿದ ಬದುಕನ್ನೆಲ್ಲ ವ್ಯಯಿಸಿದರು. ಜನ ಗಂಟೆಯನ್ನೇ ನೆನಪಿಟ್ಟುಕೊಂಡಿದ್ದಾರಾದರೂ ಅವರ ಪ್ರಯೋಗಶಾಲೆಯಲ್ಲಿ ಲಯ ಹೇಳುವ ಮೆಟ್ರೊನೋಮ್, ಬಜರ್, ಬೆಳಕು, ಚರ್ಮದ ಮೇಲಿನ ಸ್ಪರ್ಶ ಮುಂತಾದ ಹಲವು ಪ್ರಚೋದನೆಗಳು ಬಳಕೆಯಾಗಿದ್ದವು.

ಸದ್ದು ಮತ್ತು ಆಹಾರ ಮತ್ತೆ ಮತ್ತೆ ಜೊತೆಯಾಗಿ ಬಂದರೆ ಸಾಕು, ನಂಟು ತಾನಾಗಿ ಬೆಸೆದುಕೊಳ್ಳುತ್ತದೆ ಎಂದು ದಶಕಗಳ ಕಾಲ ನಂಬಲಾಗಿತ್ತು. 1960ರ ದಶಕದ ಕೊನೆಯಲ್ಲಿ ಲಿಯಾನ್ ಕಾಮಿನ್ ಈ ನಂಬಿಕೆಯನ್ನು ಅಲುಗಾಡಿಸಿದರು. ಒಂದು ಸದ್ದಿನ ನಂತರ ಲಘುವಾದ ವಿದ್ಯುತ್ ಆಘಾತ ಬರುತ್ತದೆಂದು ಇಲಿಗಳು ಮೊದಲು ಕಲಿತವು. ಆಮೇಲೆ ಆ ಸದ್ದಿನ ಜೊತೆಗೆ ಬೆಳಕನ್ನೂ ಸೇರಿಸಿ ಅದೇ ಆಘಾತವನ್ನು ಹಲವು ಬಾರಿ ಕೊಡಲಾಯಿತು. ಕೊನೆಗೆ ಬೆಳಕನ್ನು ಮಾತ್ರ ತೋರಿಸಿದಾಗ ಇಲಿಗಳು ಹೆಚ್ಚೇನೂ ಹೆದರಲಿಲ್ಲ. ಬೆಳಕು ಆಘಾತದ ಜೊತೆಗೇ ಬಂದಿತ್ತು, ನಿಜ. ಆದರೆ ಸದ್ದು ಆಗಲೇ ತಿಳಿಸಿದ್ದಕ್ಕಿಂತ ಹೊಸದೇನನ್ನೂ ಅದು ತಿಳಿಸುತ್ತಿರಲಿಲ್ಲ, ಅದಕ್ಕಾಗಿ ಇಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ಕಾಲದಲ್ಲಿ ರಾಬರ್ಟ್ ರೆಸ್ಕೋರ್ಲಾ, ಸದ್ದು ಇದ್ದಾಗಲೂ ಇಲ್ಲದಾಗಲೂ ಆಘಾತ ಬರುವ ಸಂಭವ ಒಂದೇ ಆಗಿದ್ದರೆ, ಎರಡೂ ಎಷ್ಟು ಬಾರಿ ಜೊತೆಯಾದರೂ ಇಲಿ ಸದ್ದಿಗೆ ಹೆದರುವುದಿಲ್ಲವೆಂದು ತೋರಿಸಿದರು. ಜೊತೆಯಾಗಿ ಬರುವುದು ಸಾಲದು, ಒಂದು ಇನ್ನೊಂದರ ಮುನ್ಸೂಚನೆಯಾಗಬೇಕು. ರೆಸ್ಕೋರ್ಲಾ ಮತ್ತು ಅಲನ್ ವಾಗ್ನರ್ 1972ರಲ್ಲಿ ಇದನ್ನು ಒಂದು ಗಣಿತ ಸೂತ್ರದಲ್ಲಿ ಹಿಡಿದಿಟ್ಟರು. ನಿರೀಕ್ಷೆಗೂ ನಿಜಕ್ಕೂ ನಡುವೆ ಅಂತರ ಎಷ್ಟು ದೊಡ್ಡದೋ ಕಲಿಕೆಯೂ ಅಷ್ಟು ಹೆಚ್ಚು. ಅಂತರ ಮುಚ್ಚಿಹೋದಂತೆ ಕಲಿಕೆಯೂ ನಿಲ್ಲುತ್ತದೆ.

1990ರ ದಶಕದಲ್ಲಿ ವೋಲ್‌ಫ್ರಾಮ್ ಶುಲ್ಟ್ಸ್ ಮತ್ತು ಅವರ ಸಂಗಡಿಗರು ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳಲ್ಲಿ ಈ ಲೆಕ್ಕಾಚಾರದಂಥದ್ದನ್ನೇ ಕಂಡರು. ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಸಿಕ್ಕಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಬರುವುದನ್ನು ಒಂದು ಸೂಚನೆ ಮೊದಲೇ ತಿಳಿಸತೊಡಗಿದ ಮೇಲೆ ಅವು ರಸಕ್ಕೆ ಸ್ಪಂದಿಸುವುದನ್ನು ಬಿಟ್ಟು ಸೂಚನೆಗೆ ಸ್ಪಂದಿಸತೊಡಗಿದವು. ಸೂಚನೆ ಬಂದೂ ರಸ ಬಾರದಿದ್ದರೆ, ಬರಬೇಕಾಗಿದ್ದ ಕ್ಷಣಕ್ಕೆ ಸರಿಯಾಗಿ ಅವುಗಳ ಚಟುವಟಿಕೆ ಕುಸಿಯುತ್ತಿತ್ತು.

ಇದನ್ನು ನಾನು ದಿನವೂ ನಮ್ಮ ಮನೆಯಲ್ಲಿ ಕಾಣುತ್ತೇನೆ. ನಮ್ಮ ನಾಯಿ ಮೊದಮೊದಲು ಅದರ ಕೊರಳಪಟ್ಟಿಯನ್ನು ಗೂಟದಿಂದ ತೆಗೆದ ಸದ್ದಿಗೆ ಎದ್ದು ನಿಲ್ಲುತ್ತಿತ್ತು. ಕೆಲವು ವಾರಗಳಲ್ಲಿ ನಾನು ಚಪ್ಪಲಿಗೆ ಕಾಲು ಚಾಚಿದರೆ ಏಳತೊಡಗಿತು. ಈಗ ಸಂಜೆ ನಾನು ಕನ್ನಡಕ ಕಳಚಿ ಪುಸ್ತಕದ ಮೇಲಿಟ್ಟೊಡನೆ ಬಾಗಿಲ ಬಳಿ ಹೋಗಿ ಕುಳಿತಿರುತ್ತದೆ. ಬೆಳಗಿನ ಹೊತ್ತು ಅದೇ ಕನ್ನಡಕ ಕಳಚಿದರೆ ತಲೆ ಕೂಡ ಎತ್ತುವುದಿಲ್ಲ. ಯಾವುದು ಯಾವುದಕ್ಕೆ ಮೊದಲು ಬರುತ್ತದೆ, ಯಾವಾಗ ಬರುತ್ತದೆ ಎಂದು ಸದಾ ಲೆಕ್ಕ ಹಾಕುವ ಜೀವವನ್ನು ಯಂತ್ರವೆಂದು ಕರೆಯಲು ನನಗಂತೂ ಮನಸ್ಸಾಗದು. ಮನುಷ್ಯರಲ್ಲಿ ಈ ಬಗೆಯ ಕಲಿಕೆ ಇದೆಯೇ ಎಂದರೆ, ಹೌದು, ಧಾರಾಳವಾಗಿ ಇದೆ. ಮೊಬೈಲಿನ ಸದ್ದಿಗೆ ನಮ್ಮ ಕೈ ತಾನಾಗಿ ಜೇಬಿಗೆ ಹೋಗುವುದು ಇದರಿಂದಲೇ.

ಪ್ರಶ್ನೆ: ನಾನು ಊಟ ಮಾಡುವಾಗ ನಮ್ಮ ನಾಯಿ ಬೊಗಳಿ ಬೇಡುತ್ತದೆ. ಈ ವಾರ ಏನನ್ನೂ ಕೊಡಬಾರದೆಂದು ನಿಶ್ಚಯಿಸಿದೆ, ಆದರೆ ಬೊಗಳುವುದು ಮೊದಲಿಗಿಂತ ಹೆಚ್ಚಾಗಿದೆ. ನಾನು ತಪ್ಪು ಮಾಡುತ್ತಿದ್ದೇನೆಯೇ? (ನಾಯಿ ಸಾಕಿರುವ ಓದುಗರು)

ಉತ್ತರ: ಈ ವಾರ ನೀವು ಮಾಡಿದ್ದು ತಪ್ಪಲ್ಲ, ತಪ್ಪು ಆಗಿರುವುದು ಹಿಂದೆ. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಸಿದ ಬೆಕ್ಕನ್ನು ಮರದ ಪಟ್ಟಿಗಳ ಪೆಟ್ಟಿಗೆಯೊಳಗೆ ಕೂಡಿಹಾಕಿ ಹೊರಗೆ ಆಹಾರ ಇಡುತ್ತಿದ್ದರು. ಬೆಕ್ಕು ಪರಚುತ್ತಿತ್ತು, ಕಚ್ಚುತ್ತಿತ್ತು, ಸಂದಿಯಲ್ಲಿ ಪಂಜ ತೂರಿಸುತ್ತಿತ್ತು, ಕೊನೆಗೆ ಆಕಸ್ಮಿಕವಾಗಿ ಒಂದು ಕುಣಿಕೆಗೋ ಅಗುಳಿಗೋ ಪಂಜ ತಗುಲಿ ಬಾಗಿಲು ತೆರೆದುಕೊಳ್ಳುತ್ತಿತ್ತು. ಮತ್ತೆ ಮತ್ತೆ ಒಳಗಿಟ್ಟಂತೆ ಹೊರಬರುವ ಸಮಯ ಮೆಲ್ಲಮೆಲ್ಲನೆ ಇಳಿಯಿತು. ತೃಪ್ತಿ ತಂದ ಪ್ರತಿಕ್ರಿಯೆ ಬಲಗೊಳ್ಳುತ್ತದೆ, ತರದದ್ದು ಕಳಚಿಕೊಳ್ಳುತ್ತದೆ ಎಂಬ ಅವರ ಪರಿಣಾಮ ನಿಯಮ ಹುಟ್ಟಿದ್ದು ಹೀಗೆ. ಬಿ. ಎಫ್. ಸ್ಕಿನ್ನರ್ ಇದನ್ನು ಮುಂದಕ್ಕೆ ಒಯ್ದು, ಪುನರ್ಬಲನವನ್ನು, ಅಂದರೆ ವರ್ತನೆಯನ್ನು ಬಲಗೊಳಿಸುವ ಬಹುಮಾನವನ್ನು, ಎಷ್ಟು ಬಾರಿಗೆ ಒಮ್ಮೆ ಕೊಡುತ್ತೇವೆ ಎಂಬುದೇ ಅಭ್ಯಾಸದ ಗಟ್ಟಿತನವನ್ನು ನಿರ್ಧರಿಸುತ್ತದೆಂದು ಇಲಿ ಮತ್ತು ಪಾರಿವಾಳಗಳಲ್ಲಿ ತೋರಿಸಿದರು. ಪ್ರತಿಸಲವೂ ಸಿಗುತ್ತಿದ್ದದ್ದು ನಿಂತರೆ ಪ್ರಾಣಿ ಬೇಗ ಕೈಬಿಡುತ್ತದೆ. ಯಾವಾಗ ಸಿಗುವುದೋ ತಿಳಿಯದಂತೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದದ್ದು ನಿಂತರೆ ಬಹಳ ಕಾಲ ಪ್ರಯತ್ನ ಮುಂದುವರಿಸುತ್ತದೆ, ಜೂಜಿನಲ್ಲಿ ಸೋಲುತ್ತಲೇ ಕೂತವರು ಏಳಲಾರದಿರುವುದಕ್ಕೂ ಇದೊಂದು ಕಾರಣ.

ನೀವು ಹಲವು ದಿನ ಕೊಡದೆ, ಒಂದು ದಿನ ಸೋತು ಕೊಟ್ಟಿರುತ್ತೀರಿ. ಅದರಿಂದ ನಾಯಿ ಕಲಿತದ್ದು, ಇನ್ನೂ ಸ್ವಲ್ಪ ಬೊಗಳಿದರೆ ಸಿಗುತ್ತದೆ ಎಂದು. ಕೊಡುವುದನ್ನು ನಿಲ್ಲಿಸಿದ ಆರಂಭದಲ್ಲಿ ವರ್ತನೆ ಒಮ್ಮೆ ಉಲ್ಬಣಿಸುವುದು ಸಾಮಾನ್ಯ, ಇಲ್ಲಿ ಮಣಿದರೆ ಹೆಚ್ಚು ಜೋರಾದ ಬೊಗಳುವಿಕೆಗೇ ಬಹುಮಾನ ಕೊಟ್ಟಂತಾಗುತ್ತದೆ. ಮನೆಯವರೆಲ್ಲರೂ ಒಂದೇ ನಿಲುವಿಗೆ ಬನ್ನಿ. ಜೊತೆಗೆ, ನಾಯಿ ತನ್ನ ಹಾಸಿಗೆಯ ಮೇಲೆ ಸುಮ್ಮನೆ ಮಲಗಿದ್ದಾಗ ಅಲ್ಲಿಗೇ ಹೋಗಿ ತಿನ್ನಲು ಕೊಡಿ. ಏನು ಮಾಡಬಾರದು ಎಂಬುದಕ್ಕಿಂತ ಏನು ಮಾಡಬೇಕು ಎಂಬುದನ್ನು ಅದು ಸುಲಭವಾಗಿ ಕಲಿಯುತ್ತದೆ.

ಪ್ರಶ್ನೆ: ಸರಿಯಾದ ಬಹುಮಾನ ಕೊಟ್ಟರೆ ಯಾವ ಪ್ರಾಣಿಗೆ ಬೇಕಾದರೂ ಏನನ್ನು ಬೇಕಾದರೂ ಕಲಿಸಬಹುದೇ? (ಪದವಿ ವಿದ್ಯಾರ್ಥಿ)

ಉತ್ತರ: ಕಲಿಸಲಾಗದು. ಅದನ್ನು ಕಂಡುಕೊಂಡವರಲ್ಲಿ ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮೇರಿಯನ್ ಬ್ರೀಲ್ಯಾಂಡ್ ದಂಪತಿಗಳೂ ಇದ್ದರು. ಪ್ರಾಣಿಗಳಿಗೆ ತರಬೇತಿ ಕೊಡುವುದೇ ಅವರ ವೃತ್ತಿಯಾಗಿತ್ತು. ನಾಣ್ಯವನ್ನು ಡಬ್ಬಿಗೆ ಹಾಕಿದರೆ ಆಹಾರ ಕೊಡುವುದೆಂದು ರಕೂನ್ ಎಂಬ ಅಮೆರಿಕದ ಸಣ್ಣ ಕಾಡುಪ್ರಾಣಿಯೊಂದಕ್ಕೆ ಕಲಿಸಿದರು. ಎರಡು ನಾಣ್ಯ ಕೊಟ್ಟಾಗ ಅದು ಡಬ್ಬಿಗೆ ಹಾಕುವ ಬದಲು ಅವನ್ನು ಒಂದಕ್ಕೊಂದು ಉಜ್ಜುತ್ತ ಕೂರುತ್ತಿತ್ತು. ಹಂದಿ ಮರದ ಬಿಲ್ಲೆಗಳನ್ನು ಹುಂಡಿಗೆ ಒಯ್ಯುವುದನ್ನು ಮೊದಲು ಚೆನ್ನಾಗಿ ಕಲಿತು, ಬರಬರುತ್ತ ದಾರಿಯಲ್ಲೇ ಅವನ್ನು ನೆಲಕ್ಕೆ ಕೆಡವಿ ಮೂತಿಯಿಂದ ಅಗೆಯತೊಡಗಿತು. ಬಹುಮಾನ ತಡವಾದರೂ ಅವು ಹಾಗೆಯೇ ಮಾಡಿದವು. ಆಹಾರದೊಡನೆ ತಮ್ಮ ಜಾತಿ ಹುಟ್ಟಿನಿಂದ ಹೇಗೆ ನಡೆದುಕೊಳ್ಳುತ್ತದೋ ಹಾಗೆಯೇ ಅವು ನಾಣ್ಯದೊಡನೆಯೂ ನಡೆದುಕೊಂಡವು. 1961ರಲ್ಲಿ ಪ್ರಕಟವಾದ ಅವರ ಈ ವರದಿಯನ್ನು ಓದುವಾಗ, ತಾವು ನಂಬಿದ್ದ ಸಿದ್ಧಾಂತದ ಮಿತಿಯನ್ನು ಒಪ್ಪಿಕೊಂಡ ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವ ಮೂಡುತ್ತದೆ.

ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೊಲಿಂಗ್ 1966ರಲ್ಲಿ ಇನ್ನೂ ಸ್ಪಷ್ಟವಾದ ಸಾಕ್ಷ್ಯ ಒದಗಿಸಿದರು. ಇಲಿಗಳು ಸಿಹಿನೀರು ಕುಡಿಯುವಾಗ ಬೆಳಕು ಮತ್ತು ಸದ್ದೂ ಬರುವಂತೆ ಏರ್ಪಡಿಸಲಾಗಿತ್ತು. ಹೊಟ್ಟೆ ತೊಳಸುವಂತೆ ಮಾಡಿದ ಇಲಿಗಳು ಮುಂದೆ ಸಿಹಿಯನ್ನು ದೂರವಿಟ್ಟವು, ಬೆಳಕು ಸದ್ದುಗಳನ್ನಲ್ಲ. ಕಾಲಿಗೆ ಆಘಾತ ಪಡೆದ ಇಲಿಗಳು ಬೆಳಕು ಸದ್ದುಗಳನ್ನು ದೂರವಿಟ್ಟವು, ಸಿಹಿಯನ್ನಲ್ಲ. ಹೊಟ್ಟೆಯ ನೋವಿಗೆ ನಾಲಗೆಯನ್ನೂ ಮೈಯ ನೋವಿಗೆ ಕಣ್ಣುಕಿವಿಗಳನ್ನೂ ಹೊಣೆ ಮಾಡಲು ಆ ಜೀವ ಸಿದ್ಧವಾಗಿಯೇ ಹುಟ್ಟಿದೆ. ಒಮ್ಮೆ ತಿಂದು ವಾಂತಿಯಾದ ತಿನಿಸು ವರ್ಷಗಳ ನಂತರವೂ ನಮಗೆ ಬೇಡವೆನಿಸುವುದು, ಆ ವಾಂತಿಗೆ ಕಾರಣ ಜ್ವರವೆಂದು ಗೊತ್ತಿದ್ದರೂ ಬೇಡವೆನಿಸುವುದು, ಇದೇ ಸಿದ್ಧತೆಯಿಂದ.

ಪ್ರಶ್ನೆ: ಓದಿದರೆ ಬಹುಮಾನ, ಓದದಿದ್ದರೆ ಶಿಕ್ಷೆ ಎಂಬ ಪದ್ಧತಿ ನಮ್ಮ ಮನೆಯಲ್ಲಿದೆ. ಮಗ ಈಗ ಎರಡಕ್ಕೂ ಜಗ್ಗುತ್ತಿಲ್ಲ. (ಒಬ್ಬ ತಾಯಿ)

ಉತ್ತರ: ಅಮ್ಮಾ, ಮೊದಲು ಬಹುಮಾನದ ಮಾತು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಒಂದು ಪ್ರಯೋಗ ನಡೆಸಿ 1973ರಲ್ಲಿ ಪ್ರಕಟಿಸಿದರು. ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಕೆಲವು ಮಕ್ಕಳಿಗೆ ಮುಂಚೆಯೇ ಹೇಳಿದ್ದರು, ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು, ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟಾಗ, ಮುಂಚೆಯೇ ಮಾತು ಪಡೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಖುಷಿಗಾಗಿ ಮಾಡುತ್ತಿದ್ದದ್ದು ಕೂಲಿಯ ಕೆಲಸವಾಗಿಬಿಟ್ಟಿತ್ತು. ಇದರರ್ಥ ಬಹುಮಾನವೇ ಕೂಡದೆಂದಲ್ಲ, ಇಷ್ಟವೇ ಇಲ್ಲದ ಕೆಲಸ ಆರಂಭಿಸಲು ಅದು ನೆರವಾಗಬಲ್ಲದು. ಆದರೆ ಮಗುವಿಗೆ ಈಗಾಗಲೇ ಯಾವುದರಲ್ಲಿ ಆಸಕ್ತಿ ಇದೆಯೋ ಅದಕ್ಕೆ ಬೆಲೆ ಕಟ್ಟಬೇಡಿ.

ಎರಡಕ್ಕೂ ಜಗ್ಗುತ್ತಿಲ್ಲ ಎಂದು ಬರೆದಿದ್ದೀರಲ್ಲ, ಆ ಮಾತು ನನ್ನನ್ನು ಹೆಚ್ಚು ಕಾಡಿತು. 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ ಪ್ರಯೋಗದಲ್ಲಿ, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಆಘಾತ ಅನುಭವಿಸಿದ್ದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಸಣ್ಣ ತಡೆಯೊಂದನ್ನು ಹಾರಿದರೆ ಪಾರಾಗಬಹುದಾಗಿದ್ದರೂ ಹಾರಲಿಲ್ಲ, ಸುಮ್ಮನೆ ಮುದುರಿ ಮಲಗಿದವು. ಇಂದು ಇಂಥ ಪ್ರಯೋಗವನ್ನು ಯಾರೂ ಮಾಡಲಾರರು, ಮಾಡಲೂಬಾರದು. ನಾಯಿಗಳು ಅಸಹಾಯಕತೆಯನ್ನು ಕಲಿತವು ಎಂದು ಅವರು ಆಗ ವಿವರಿಸಿದ್ದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ನರವಿಜ್ಞಾನದ ಸಾಕ್ಷ್ಯವನ್ನು ಮುಂದಿಟ್ಟು ಅವರೇ ತಮ್ಮ ವಿವರಣೆಯನ್ನು ತಿರುವುಮುರುವಾಗಿಸಿದರು: ದೀರ್ಘ ಸಂಕಟದ ಎದುರು ಸುಮ್ಮನಾಗುವುದು ಕಲಿತದ್ದಲ್ಲ, ಅದು ಜೀವದ ಸಹಜ ಪ್ರತಿಕ್ರಿಯೆ, ನಾನು ಮಾಡಿದ್ದರಿಂದ ಏನಾದರೂ ಬದಲಾಗುತ್ತದೆ ಎಂಬುದನ್ನೇ ಕಲಿಯಬೇಕಾಗಿರುವುದು. ನಿಮ್ಮ ಮಗನಿಗೆ ಬೇಕಾಗಿರುವುದು ಇದೇ. ಅವನು ಖಂಡಿತ ಮಾಡಬಲ್ಲ ಒಂದು ಲೆಕ್ಕ, ಅವನೇ ಆರಿಸಿದ ಒಂದು ಪುಟ, ತಪ್ಪಾದರೆ ಬೈಗುಳವಿಲ್ಲದೆ ಎಲ್ಲಿ ತಪ್ಪಿತೆಂದು ಕೂಡಲೇ ತೋರಿಸುವ ಒಬ್ಬರು ಪಕ್ಕದಲ್ಲಿ; ಇಷ್ಟರಿಂದ ಆರಂಭಿಸಿ. ಆಟ, ಊಟ, ನಿದ್ರೆಗಳಲ್ಲೂ ಅವನಿಗೆ ಆಸಕ್ತಿ ಕುಂದಿದ್ದರೆ ತಡಮಾಡದೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ.

ಪ್ರಶ್ನೆ: ಪ್ರಾಣಿಗಳು ಯೋಚಿಸಿ ಕಲಿಯುತ್ತವೆಯೇ? ಮನುಷ್ಯನ ಕಲಿಕೆ ಬೇರೆಯಾಗುವುದು ಎಲ್ಲಿ? (ಹಲವು ಓದುಗರು)

ಉತ್ತರ: ಮೊದಲು ಒಂದು ಎಚ್ಚರಿಕೆಯ ಕಥೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಹ್ಯಾನ್ಸ್ ಎಂಬ ಕುದುರೆ ಲೆಕ್ಕ ಮಾಡಿ ಗೊರಸು ತಟ್ಟಿ ಉತ್ತರ ಹೇಳುತ್ತದೆಂದು ಪ್ರಸಿದ್ಧವಾಗಿತ್ತು. ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ ನೋಡಿದಾಗ, ಕೇಳುವವರಿಗೇ ಉತ್ತರ ತಿಳಿಯದಿದ್ದರೆ ಕುದುರೆಗೂ ತಿಳಿಯುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ ಅರಿವಿಲ್ಲದೆಯೇ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಯಜಮಾನ ಮೋಸಗಾರನಲ್ಲ, ತಾನು ಏನನ್ನು ಕಲಿಸುತ್ತಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ.

ಆದರೂ ಪ್ರಯತ್ನ ಮತ್ತು ಪ್ರಮಾದದಿಂದ ಎಲ್ಲವನ್ನೂ ವಿವರಿಸಲಾಗದು. ಟೆನೆರಿಫ್ ದ್ವೀಪದಲ್ಲಿ ವುಲ್ಫ್‌ಗ್ಯಾಂಗ್ ಕೋಲರ್ ಅಭ್ಯಸಿಸಿದ ಸುಲ್ತಾನ್ ಎಂಬ ಚಿಂಪಾಂಜಿ, ಕಂಬಿಯಾಚೆಯ ಹಣ್ಣು ಎಟುಕದೆ ಸೋತು ಕುಳಿತಿತ್ತು. ಕೈಯಲ್ಲಿದ್ದ ಎರಡು ಬಿದಿರಿನ ಕೋಲುಗಳೊಡನೆ ಆಡುತ್ತಿದ್ದಾಗ ಅವು ಒಂದೇ ಸಾಲಿಗೆ ಬಂದವು. ಸಣ್ಣದನ್ನು ದಪ್ಪದರ ರಂಧ್ರಕ್ಕೆ ತೂರಿಸಿ, ಎದ್ದು ಕಂಬಿಯ ಬಳಿಗೆ ಓಡಿ, ಉದ್ದವಾದ ಆ ಕೋಲಿನಿಂದ ಹಣ್ಣನ್ನು ಎಳೆದುಕೊಂಡಿತು. ಕೋಲರ್ ಇದನ್ನು ಒಳನೋಟದ ಕಲಿಕೆ ಎಂದರು. 1945ರಲ್ಲಿ ಹರ್ಬರ್ಟ್ ಬರ್ಚ್ ಒಂದು ಮುಖ್ಯ ಸಂಗತಿಯನ್ನು ಸೇರಿಸಿದರು: ಕೋಲಿನ ಅಭ್ಯಾಸವಿಲ್ಲದ ಎಳೆಯ ಚಿಂಪಾಂಜಿಗಳಿಗೆ ಇಂಥ ಒಳನೋಟ ಹೊಳೆಯುವುದು ಅಪರೂಪ, ಮೂರು ದಿನ ಕೋಲಿನೊಡನೆ ಆಡಲು ಬಿಟ್ಟ ಮೇಲೆ ಅವು ಸುಲಭವಾಗಿ ಬಿಡಿಸಿದವು. ಹೊಳಹು ಬರಿಗೈಯಲ್ಲಿ ಬರುವುದಿಲ್ಲ.

ನೋಡಿ ಕಲಿಯುವುದೂ ಮನುಷ್ಯರ ಸೊತ್ತೇನಲ್ಲ. 1953ರಲ್ಲಿ ಜಪಾನಿನ ಕೋಶಿಮಾ ದ್ವೀಪದ ಇಮೋ ಎಂಬ ಎಳೆಯ ಹೆಣ್ಣು ಕೋತಿ ಮಣ್ಣಾದ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ವರ್ಷಗಳಲ್ಲಿ ಆ ರೂಢಿ ಅದರ ಜೊತೆಗಾರರಿಗೆ, ತಾಯಿಗೆ, ಹೊಸ ಪೀಳಿಗೆಗೆ ಹಬ್ಬಿತು. ಆದರೆ ಇಮೋ ಯಾರಿಗೂ ಹೇಳಿಕೊಡಲಿಲ್ಲ. ಹೇಳಿಕೊಡುವವರು ಮತ್ತು ಅವರನ್ನು ನಂಬುವವರು, ವ್ಯತ್ಯಾಸ ಇರುವುದು ಇಲ್ಲಿ ಎಂದು ನನಗೆ ತೋರುತ್ತದೆ. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೆಟ್ಟಿಗೆಯಿಂದ ಬಹುಮಾನ ತೆಗೆಯುವುದನ್ನು ತೋರಿಸುವಾಗ ಬೇಕೆಂದೇ ಕೆಲವು ನಿಷ್ಪ್ರಯೋಜಕ ಕ್ರಿಯೆಗಳನ್ನೂ ಸೇರಿಸಿದ್ದರು. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ ಚಿಂಪಾಂಜಿಗಳು ವ್ಯರ್ಥ ಕ್ರಿಯೆಗಳನ್ನು ಬಿಟ್ಟು ನೇರವಾಗಿ ಬಹುಮಾನ ತೆಗೆದವು, ಮೂರು ನಾಲ್ಕು ವರ್ಷದ ಮಕ್ಕಳು ತೋರಿಸಿದ್ದನ್ನೆಲ್ಲ ಹಾಗೆಯೇ ಮಾಡಿದರು. ಮಕ್ಕಳು ದಡ್ಡರೆಂದು ಇದರ ಅರ್ಥವಲ್ಲ. ಕಾರಣ ಕಾಣದಿದ್ದರೂ ಹಿರಿಯರು ಮಾಡಿದ್ದಕ್ಕೆ ಕಾರಣವಿರಬೇಕೆಂದು ನಂಬಿ ಕಲಿಯುವ ಈ ಗುಣವಿಲ್ಲದಿದ್ದರೆ ಭಾಷೆ, ಲಿಪಿ, ಗಣಿತಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತಿರಲಿಲ್ಲ.

ಪ್ರಶ್ನೆ: ಎಷ್ಟು ಸಲ ಓದಿದರೂ ಮರೆಯುತ್ತದೆ. (ಪರೀಕ್ಷೆಗೆ ಸಿದ್ಧವಾಗುತ್ತಿರುವ ವಿದ್ಯಾರ್ಥಿನಿ)

ಉತ್ತರ: ಓದುವುದನ್ನು ಕಡಿಮೆ ಮಾಡಿ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದನ್ನು ಹೆಚ್ಚಿಸಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ಶೇ. 42ರಷ್ಟು ನೆನಪಿತ್ತು, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದವರಿಗೆ ಶೇ. 56ರಷ್ಟು. ಮತ್ತೆ ಓದುವಾಗ ಎಲ್ಲವೂ ಪರಿಚಿತವೆನಿಸುವುದರಿಂದ ಬರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಬರೆಯಲು ಕೂತಾಗ ಬಾರದೆ ಇದ್ದದ್ದು ಎದ್ದು ಕಾಣುತ್ತದೆ. ಒಂದೇ ದಿನ ಮೂರು ಗಂಟೆ ಕೂರುವುದಕ್ಕಿಂತ ಮೂರು ದಿನ ಒಂದೊಂದು ಗಂಟೆ ಕೂರುವುದು ಮೇಲು.

ಪ್ರಶ್ನೆ: ಮಗಳಿಗೆ ನಾಯಿಯೊಂದು ಮೈಮೇಲೆ ಹಾರಿದಂದಿನಿಂದ ಬೆಕ್ಕು, ಮೊಲಗಳನ್ನು ಕಂಡರೂ ಭಯ. ಕಲಿತ ಭಯವನ್ನು ಅಳಿಸಬಹುದೇ? (ಒಬ್ಬ ತಂದೆ)

ಉತ್ತರ: ಭಯ ಹೀಗೆ ಹರಡುವುದನ್ನು 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್, ಹನ್ನೊಂದು ತಿಂಗಳ ಮಗುವಿನಲ್ಲಿ ಬಿಳಿ ಇಲಿಯ ಭಯವನ್ನು ತಾವೇ ಹುಟ್ಟಿಸಿ ದಾಖಲಿಸಿದರು, ಆ ಭಯವನ್ನು ಹೋಗಲಾಡಿಸದೆಯೇ ಮಗುವನ್ನು ಕಳುಹಿಸಿಬಿಟ್ಟರು. ಅದನ್ನು ಕ್ಷಮಿಸುವುದು ಕಷ್ಟ. ಭಯ ಪೂರ್ತಿ ಅಳಿಯುವುದಿಲ್ಲ, ಅದರ ಮೇಲೆ ಹೊಸ ಕಲಿಕೆಯೊಂದು ಬೆಳೆಯುತ್ತದೆ. ಆದ್ದರಿಂದಲೇ ಒಂದು ಕೋಣೆಯಲ್ಲಿ ಹೋದ ಭಯ ಇನ್ನೊಂದು ಸ್ಥಳದಲ್ಲಿ ಮರಳಬಹುದು, ಬೇರೆ ಬೇರೆ ಸ್ಥಳಗಳಲ್ಲಿ ಬೇರೆ ಬೇರೆ ಸೌಮ್ಯ ಪ್ರಾಣಿಗಳೊಡನೆ ಅಭ್ಯಾಸ ಮಾಡಿಸಬೇಕು. ದಾರಿ ತೋರಿಸಿದವರು ಮೇರಿ ಕವರ್ ಜೋನ್ಸ್. 1924ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮೂರು ವರ್ಷದೊಳಗಿನ ಹುಡುಗನಿಗೆ ಇಷ್ಟದ ತಿನಿಸು ಕೊಡುತ್ತ, ಪಂಜರದೊಳಗಿನ ಮೊಲವನ್ನು ಕೋಣೆಯ ಆಚೆ ತುದಿಯಿಂದ ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಹೆದರದೆ ಆಡುವ ಬೇರೆ ಮಕ್ಕಳನ್ನೂ ಜೊತೆಗೆ ಕೂರಿಸಿದರು. ಎಲ್ಲಿಯೂ ಬಲವಂತ ಮಾಡಲಿಲ್ಲ, ನಡುವೆ ಹಿನ್ನಡೆಯೂ ಆಯಿತು. ಕೊನೆಯಲ್ಲಿ ಪೀಟರ್ ತನ್ನ ಬೆರಳುಗಳನ್ನು ಮೊಲ ಮೆಲ್ಲಗೆ ಕಚ್ಚಲು ಬಿಟ್ಟು ಕುಳಿತಿದ್ದ.